ಇನ್‌ಹೇಲರ್ ಬಳಸುವವರಿಗೆ ಬೆಳಗ್ಗೆಯೇ ರಕ್ತ ಪರೀಕ್ಷೆ ಏಕೆ?

"ಟೀಚರ್, ಮಗನ ಪಂಪಿನಲ್ಲಿ ಸ್ಟಿರಾಯ್ಡ್ ಇದೆಯಂತೆ. ನಿನ್ನೆಯಿಂದ ನಿಲ್ಲಿಸಿಬಿಟ್ಟೆ."

ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಹೀಗೆ ಹೇಳಿದಾಗ ಗಾಬರಿಯಾಯಿತು. ಹುಡುಗನಿಗೆ ಮೂರು ವರ್ಷಗಳಿಂದ ಉಬ್ಬಸ. ಪಕ್ಕದ ಮನೆಯವರು ಏನೋ ಹೇಳಿದ್ದರು, ಇವರು ಹೆದರಿದ್ದರು. ಅಂದೇ ವೈದ್ಯರಲ್ಲಿಗೆ ಹೋಗಲು ಒತ್ತಾಯಿಸಿದೆ. ವೈದ್ಯರು ಪಂಪನ್ನು ಮತ್ತೆ ಆರಂಭಿಸಿ, ಮರುದಿನ ಬೆಳಗ್ಗೆ ಎಂಟು ಗಂಟೆಗೆ ರಕ್ತ ಕೊಡಲು ಚೀಟಿ ಬರೆದರು. ದಮ್ಮಿಗೂ ಬೆಳಗ್ಗಿನ ರಕ್ತಕ್ಕೂ ಏನು ಸಂಬಂಧವೆಂದು ಆ ತಾಯಿ ನನ್ನನ್ನೇ ಕೇಳಿದರು. ನಾನು ವೈದ್ಯೆಯಲ್ಲ. ಆದರೆ ಕೇಳಿ, ಓದಿ ತಿಳಿದುಕೊಂಡದ್ದು ಇತರ ತಾಯಂದಿರಿಗೂ ಬೇಕೆನಿಸಿತು.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್. ಇವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ರಕ್ತದೊತ್ತಡ ಇಳಿಯದಂತೆ, ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ದೇಹಕ್ಕೆ ಅದು ಇನ್ನೂ ಹೆಚ್ಚು ಬೇಕು. ಎಷ್ಟು ತಯಾರಿಸಬೇಕೆಂದು ಆಜ್ಞೆ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ.

ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಮುಂತಾದ ಪಂಪಿನ ಔಷಧಗಳು ಕಾರ್ಟಿಸೋಲಿನ ಬಂಧುಗಳೇ. ಇವು ಶ್ವಾಸಕೋಶದಲ್ಲಿ ಕೆಲಸ ಮಾಡುತ್ತವೆಯಾದರೂ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಪ್ರಮಾಣ ಕಡಿಮೆಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೆಚ್ಚಿನ ಪ್ರಮಾಣದಲ್ಲಿ, ಬಹಳ ಕಾಲ ಹೋದರೆ ಪಿಟ್ಯುಟರಿಯ ಆಜ್ಞೆ ನಿಲ್ಲುತ್ತದೆ. ದಿನವೂ ಹೊರಗಿನಿಂದ ರೊಟ್ಟಿ ಬರುವ ಮನೆಯಲ್ಲಿ ಒಲೆ ಉರಿಸುವವರು ಯಾರು? ಹಾಗೆ ಆರಿದ ಒಲೆ, ಹೊರಗಿನ ರೊಟ್ಟಿ ನಿಂತ ದಿನವೇ ಹೊತ್ತಿಕೊಳ್ಳುವುದಿಲ್ಲ. ಪಂಪನ್ನು ಏಕಾಏಕಿ ಬಿಡಬಾರದೆನ್ನುವುದು ಇದಕ್ಕೇ. ಬಿಟ್ಟರೆ ಉಬ್ಬಸವೂ ಕೆರಳುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಬ್ರಿಟನ್ನಿನ ವೈದ್ಯರು ತಮ್ಮ ದೇಶದಲ್ಲಿ ಇಂತಹ ರೋಗಿಗಳನ್ನು ಹುಡುಕಿ 2002ರಲ್ಲಿ ವರದಿ ಪ್ರಕಟಿಸಿದರು. ಅವರಿಗೆ ಖಚಿತವಾಗಿ ಸಿಕ್ಕವರು 33 ಮಂದಿ, ಅವರಲ್ಲಿ 28 ಮಕ್ಕಳು. 23 ಮಕ್ಕಳಿಗೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದಿತ್ತು. ಕೆಲವರು ಪ್ರಜ್ಞೆ ತಪ್ಪಿದ್ದರು, ಕೆಲವರಿಗೆ ಫಿಟ್ಸ್ ಬಂದಿತ್ತು, ಒಂದು ಮಗು ತೀರಿಕೊಂಡಿತು. ಅವರೆಲ್ಲ ದಿನಕ್ಕೆ 500ರಿಂದ 2000 ಮೈಕ್ರೋಗ್ರಾಮ್ ಪಡೆಯುತ್ತಿದ್ದರು. 33ರಲ್ಲಿ 30 ಮಂದಿಯದು ಫ್ಲುಟಿಕಾಸೋನ್ ಒಂದೇ. ಲಕ್ಷಾಂತರ ಜನ ಪಂಪ್ ಬಳಸುವ ದೇಶದಲ್ಲಿ 33 ಸಣ್ಣ ಸಂಖ್ಯೆ, ನಿಜ. ಆದರೆ ಆ ಮಗುವಿನ ತಾಯಿಗೆ ಅದು ಸಣ್ಣದಲ್ಲ.

ಈಗ ಬೆಳಗ್ಗಿನ ರಕ್ತಕ್ಕೆ ಬರೋಣ. ಕಾರ್ಟಿಸೋಲ್ ಮುಂಜಾನೆ ಏರುತ್ತದೆ, ರಾತ್ರಿ ಇಳಿಯುತ್ತದೆ. ಸಂಜೆ ಕಡಿಮೆ ಕಂಡರೆ ಅದು ರೋಗವೋ ಸಹಜವೋ ತಿಳಿಯುವುದಿಲ್ಲ. ಆದ್ದರಿಂದ ಎಂಟು-ಒಂಬತ್ತು ಗಂಟೆಯೊಳಗೆ ರಕ್ತ ತೆಗೆಯುತ್ತಾರೆ. ಯುರೋಪ್ ಮತ್ತು ಅಮೆರಿಕದ ಹಾರ್ಮೋನು ತಜ್ಞರ ಸಂಘಗಳು 2024ರಲ್ಲಿ ಜೊತೆಯಾಗಿ ಹೊರಡಿಸಿದ ಮಾರ್ಗಸೂಚಿಯಂತೆ, ಡೆಸಿಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ ಎಂದರ್ಥ. 5ಕ್ಕಿಂತ ಕಡಿಮೆಯಿದ್ದರೆ ಅದು ಇನ್ನೂ ನಿದ್ದೆಯಲ್ಲಿದೆ. ನಡುವೆ ಬಂದರೆ ಸಂಶಯ.

ಸಂಶಯವಿದ್ದಾಗ ಇನ್ನೊಂದು ಪರೀಕ್ಷೆಯುಂಟು. ಪಿಟ್ಯುಟರಿಯ ಆಜ್ಞೆಯನ್ನೇ ಹೋಲುವ ಸಿನಾಕ್ಥೆನ್ ಎಂಬ ಔಷಧವನ್ನು 250 ಮೈಕ್ರೋಗ್ರಾಮ್ ಚುಚ್ಚಿ, ಚುಚ್ಚುವ ಮೊದಲು ಮತ್ತು ಅರ್ಧ ಗಂಟೆಯ ನಂತರ, ಕೆಲವೆಡೆ ಒಂದು ಗಂಟೆಯ ನಂತರವೂ, ರಕ್ತ ನೋಡುತ್ತಾರೆ. ಕಾರ್ಟಿಸೋಲ್ ಚೆನ್ನಾಗಿ ಏರಿದರೆ ಗ್ರಂಥಿಗೆ ಶಕ್ತಿಯಿದೆ. ನಮ್ಮ ದೇಶದಲ್ಲಿ ಸಿನಾಕ್ಥೆನ್ ಸುಲಭವಾಗಿ ಸಿಗದ ಕಡೆ, ಮಾಂಸಖಂಡಕ್ಕೆ ಕೊಡುವ ಎ.ಸಿ.ಟಿ.ಎಚ್. ಚುಚ್ಚುಮದ್ದನ್ನು ಬಳಸುವುದುಂಟು.

ಸಹೋದರಿಯರು ಗಮನಿಸಬೇಕಾದ ಒಂದು ಮಾತು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವವರ ರಕ್ತದಲ್ಲಿ ಕಾರ್ಟಿಸೋಲ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಸಂಕೋಚಪಡದೆ ವೈದ್ಯರಿಗೆ ಹೇಳಿಬಿಡಿ. ಪ್ರೆಡ್ನಿಸೋಲೋನ್ ಮಾತ್ರೆ, ಚರ್ಮದ ಸ್ಟಿರಾಯ್ಡ್ ಮುಲಾಮು ಬಳಸುತ್ತಿದ್ದರೆ ಅದನ್ನೂ ಹೇಳಿ. ಎಲ್ಲ ಕಡೆಯಿಂದ ಬರುವ ಸ್ಟಿರಾಯ್ಡ್ ಸೇರಿಯೇ ಲೆಕ್ಕ.

ಪಂಪ್ ಬಳಸುವ ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಹೆಚ್ಚು ಪ್ರಮಾಣ ಪಡೆಯುವವರಲ್ಲಿ ವಿಪರೀತ ಆಯಾಸ, ಹಸಿವಿಲ್ಲದಿರುವಿಕೆ, ತೂಕ ಇಳಿಕೆ, ವಾಂತಿ, ಎದ್ದು ನಿಂತರೆ ತಲೆಸುತ್ತು ಕಂಡರೆ, ಮಗುವಿನ ಎತ್ತರ ನಿಂತಂತಿದ್ದರೆ ವೈದ್ಯರನ್ನು ಕೇಳಬೇಕು. ಜ್ವರದಲ್ಲಿರುವ ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ದು, ಸ್ಟಿರಾಯ್ಡ್ ಪಂಪ್ ಬಳಸುತ್ತಿದ್ದಾನೆಂದು ಮೊದಲೇ ತಿಳಿಸಬೇಕು. ಬ್ರಿಟನ್ನಿನಲ್ಲಿ ಇದಕ್ಕೆಂದೇ 2020ರಲ್ಲಿ ಸ್ಟಿರಾಯ್ಡ್ ತುರ್ತು ಕಾರ್ಡ್ ಜಾರಿಗೆ ತಂದರು. ನಮ್ಮಲ್ಲಿ ತಾಯಿಯ ಪರ್ಸಿನಲ್ಲಿ ಒಂದು ಚೀಟಿಯಿದ್ದರೂ ಸಾಕು.

ರಮಝಾನಿನಲ್ಲಿ ಪಂಪನ್ನೇ ಬಿಡುವವರಿದ್ದಾರೆ. ದಿನಕ್ಕೆರಡು ಬಾರಿಯದಾದರೆ ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಮುಂಚೆಯೇ ಕೇಳಿ. ಕಾಯಿಲೆಯವರಿಗೆ ರಿಯಾಯಿತಿ ಇದ್ದೇ ಇದೆ.

ಆ ಹುಡುಗನ ಕಾರ್ಟಿಸೋಲ್ 12 ಬಂತು. ಉಬ್ಬಸ ಹತೋಟಿಯಲ್ಲಿದ್ದುದರಿಂದ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ಪಂಪಿಗೆ ಸ್ಪೇಸರ್ ಜೋಡಿಸಿ ಎಳೆಯುವುದು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು ಈಗ ಅವನಿಗೆ ರೂಢಿಯಾಗಿದೆ. ಒಮ್ಮೊಮ್ಮೆ ಮರೆತರೆ ತಂಗಿಯೇ ನೀರಿನ ಲೋಟ ಹಿಡಿದು ನಿಲ್ಲುತ್ತಾಳಂತೆ.