ಬೀಳು ನೆಲದ ಹೂದೋಟ

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ರೈತರು ತಮ್ಮ ನೆಲವನ್ನು ಎರಡು ಮಾತುಗಳಲ್ಲಿ ವಿಂಗಡಿಸುತ್ತಾರೆ: ನೀರನ್ನು ಕುಡಿದು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಿರಿದು ಬಾಯಿಬಿಡುವ ಕಪ್ಪು ನೆಲ ಎರಿ, ಬಿದ್ದ ಮಳೆಯನ್ನು ಬೇಗನೆ ಬಸಿದುಬಿಡುವ ಕೆಂಪು ನೆಲ ಮಸಾರಿ. ನೇಗಿಲು ನಾಟದ ಗರಸು ದಿಬ್ಬ, ಗುಡ್ಡದ ಇಳುಕಲು, ಮುಳ್ಳುಕಂಟಿಗಳ ನಡುವೆ ಹುಲ್ಲು ಹಬ್ಬಿದ ಬಯಲುಗಳಿಗೆ ಮಾತ್ರ ಬೀಳು ಎಂದೋ, ಕಂದಾಯದ ಲೆಕ್ಕದಲ್ಲಿ ಖರಾಬು ಎಂದೋ ಹೆಸರು ಬಿದ್ದಿದೆ. ಹೆಸರಿನಲ್ಲೇ ತಿರಸ್ಕಾರವಿದ್ದರೂ, ಈ ಸೀಮೆಯ ಮೂಲ ಸಸ್ಯಗಳು ಬಹುಮಟ್ಟಿಗೆ ಉಳಿದಿರುವುದು ಆ ಬೀಳಿನಲ್ಲಿ ಮತ್ತು ಹೊಲದ ಬದುಗಳಲ್ಲಿ. ಅಂಗಳದಲ್ಲಿ ಈ ನೆಲಕ್ಕೆ ಒಗ್ಗುವ ಗಿಡ ಬೆಳೆಸಬೇಕೆನ್ನುವವರು ಮೊದಲು ನೋಡಿ ಕಲಿಯಬೇಕಾದ ತೋಟವೂ ಅದೇ.

ಮನುಷ್ಯರು ಹೊರಗಿನಿಂದ ತಂದು ನೆಡದೆ, ಒಂದು ಪ್ರದೇಶದ ಮಣ್ಣು, ಮಳೆ, ಕೀಟ, ಪಕ್ಷಿಗಳ ಜೊತೆಯಲ್ಲಿಯೇ ಬಹುಕಾಲದಿಂದ ಬೆಳೆದುಬಂದ ಗಿಡಗಳನ್ನು ಸ್ಥಳೀಯ ಸಸ್ಯಗಳೆಂದು ಕರೆಯುತ್ತಾರೆ. ಹಾಗೆಂದು ಹೊರಗಿನಿಂದ ಬಂದದ್ದೆಲ್ಲವೂ ಹಾನಿಕರವಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದು ಊರಿನ ಹೆಸರನ್ನು ಲೋಕಕ್ಕೆ ತಿಳಿಸಿದ ಬ್ಯಾಡಗಿ ಮೆಣಸಿನಕಾಯಿಯ ಮೂಲವೇ ಅಮೆರಿಕ ಖಂಡ. ಸವಣೂರಿನ ದೊಡ್ಡಹುಣಸೆ ಮಠಕ್ಕೆ ಆ ಹೆಸರು ತಂದ ಬೃಹತ್ ಮರಗಳು ಆಫ್ರಿಕಾ ಮೂಲದವು. ಮೆಣಸಿನ ಗಿಡ ರೈತನ ಕೈ ತಪ್ಪಿದರೆ ಹೊಲದ ಆಚೆಗೆ ಹಬ್ಬುವುದಿಲ್ಲ, ಸವಣೂರಿನ ಮರಗಳೂ ಮಠದ ಆವರಣ ದಾಟಿ ಕಾಡಾಗಲಿಲ್ಲ. ಹೊರಗಿನಿಂದಲೇ ಬಂದ ಬಳ್ಳಾರಿ ಜಾಲಿಯ ರೀತಿ ಬೇರೆ: ಅದರ ಸಿಹಿಯಾದ ಕಾಯಿಗಳನ್ನು ಕುರಿ, ಆಡು, ದನಗಳು ತಿಂದು, ಜೀರ್ಣವಾಗದ ಬೀಜಗಳನ್ನು ಗೊಬ್ಬರದ ಸಮೇತ ಹೋದಲ್ಲೆಲ್ಲ ಉದುರಿಸುವುದರಿಂದ, ಅದು ಕೆರೆಯಂಗಳವನ್ನೂ ಗೋಮಾಳವನ್ನೂ ಆವರಿಸಿ ಮಿಕ್ಕ ಗಿಡಗಳಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಆದ್ದರಿಂದ ಗಿಡದ ತವರು ಯಾವುದೆಂಬ ಪ್ರಶ್ನೆಗಿಂತ, ಬಂದ ಮೇಲೆ ಅದು ಇಲ್ಲಿಯ ಜೀವಿಗಳೊಡನೆ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು.

ಈ ಮಾತಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕಿಂತ ದೊಡ್ಡ ಪಾಠ ಸಿಗಲಾರದು. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಈ ಅಭಯಾರಣ್ಯ ಮೂಲತಃ ಹುಲ್ಲು ಮತ್ತು ಕುರುಚಲಿನ ಬಯಲು ಸೀಮೆಯಾಗಿದ್ದು, ಅದರ ದೊಡ್ಡ ಭಾಗದಲ್ಲಿ ಆಸ್ಟ್ರೇಲಿಯಾ ಮೂಲದ ನೀಲಗಿರಿಯ ನೆಡುತೋಪುಗಳನ್ನು ಬೆಳೆಸಲಾಯಿತು. ದೂರದವರೆಗೆ ನೋಡಿ, ಅಪಾಯ ಕಂಡಾಗ ಬಯಲಿನಲ್ಲಿ ಓಡಿ ಪಾರಾಗುವ ಕೃಷ್ಣಮೃಗಕ್ಕೆ ತೆರೆದ ನೆಲವೇ ರಕ್ಷೆ. ಎರಿ ಭೂಮಿಯ ಹೆಸರನ್ನೇ ಹೊತ್ತ ಎರೆಭೂತ ಎಂಬ ದೊಡ್ಡ ಹಕ್ಕಿಗೆ ಆ ಬಯಲು ಇನ್ನೂ ಅನಿವಾರ್ಯವಾಗಿತ್ತು, ಏಕೆಂದರೆ ಅದು ಗೂಡು ಕಟ್ಟದೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಕಾವು ಕೊಡುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿ ಹೆಸರಾದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಹಕ್ಕಿಯ ನಡವಳಿಕೆಯನ್ನು ಅಭ್ಯಾಸ ಮಾಡಿದ್ದು ಇದೇ ಅಭಯಾರಣ್ಯದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಬೀದಿಗೆ ಮರ ಬೇಕು, ಬಯಲಿಗೆ ಬಯಲೇ ಬೇಕು ಎಂಬ ಎರಡೂ ಅರಿವಿಗೆ ಅವರ ಕೆಲಸದಲ್ಲಿ ಎಡೆಯಿತ್ತು. ಇಂದು ಎರೆಭೂತ ರಾಣೆಬೆನ್ನೂರಿನ ಬಯಲಿನಿಂದ ಮರೆಯಾಗಿದೆ, ಕರ್ನಾಟಕದಲ್ಲಿ ಅದು ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ. ಬೇಟೆ, ಬೇಸಾಯದ ವಿಸ್ತರಣೆಗಳಂಥ ಕಾರಣಗಳೂ ಇದರ ಹಿಂದಿವೆಯಾದರೂ, ಹಸಿರು ಮಾಡುತ್ತೇವೆಂಬ ಸದುದ್ದೇಶದಿಂದಲೇ ಒಂದು ನೆಲದ ಸ್ವಭಾವ ಕೆಡಬಹುದೆಂಬುದು ದುಃಖದ ಸತ್ಯ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಬೀಳಿನ ಗಿಡಗಳಲ್ಲಿ ಮೊದಲು ಪರಿಚಯಿಸಿಕೊಳ್ಳಬೇಕಾದುದು ತಂಗಡಿ, ಕೆಲವೆಡೆ ಇದಕ್ಕೆ ಆವರಿಕೆ ಎಂಬ ಹೆಸರೂ ಇದೆ. ಆಳೆತ್ತರಕ್ಕೆ ಪೊದೆಯಾಗಿ ಬೆಳೆಯುವ ಈ ಗಿಡದ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ದನಕರುಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲವಾದ್ದರಿಂದ ಬೇಲಿಯಿಲ್ಲದ ಜಾಗದಲ್ಲೂ ಉಳಿಯುತ್ತದೆ. ಐದು ಎಸಳಿನ ಅದರ ಹಳದಿ ಹೂವನ್ನು ಬೆಳಗಿನ ಹೊತ್ತು ಹತ್ತಿರದಿಂದ ನೋಡಿದರೆ, ನಡುವೆ ಹತ್ತು ಕೇಸರಗಳು ಉದ್ದ ಗಿಡ್ಡವಾಗಿ ನಿಂತಿರುವುದೂ, ಮೇಲಿನ ಮೂರು ಬಂಜೆಯಾಗಿ ಸಣ್ಣಗಿರುವುದೂ ಕಾಣುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಅದು ಕೊಡುವುದು ಪರಾಗವನ್ನು ಮಾತ್ರ, ಆ ಪರಾಗವೂ ಕೇಸರದ ತುದಿಯ ಸೂಜಿಮೊನೆಯಷ್ಟು ರಂಧ್ರದೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಒಣಕಟ್ಟಿಗೆ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಗುಂಯ್ ಎಂದು ಮೈ ಕಂಪಿಸಿದಾಗ, ಉಪ್ಪಿನ ಡಬ್ಬಿ ಅಲುಗಿಸಿದಂತೆ ಪರಾಗ ಚಿಮ್ಮಿ ಅದರ ಹೊಟ್ಟೆಗೆ ಅಂಟುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಅಂಗಳದಲ್ಲಿ ತಂಗಡಿ ನೆಟ್ಟವರು ಒಂದು ಮೂಲೆಯಲ್ಲಿ ಒಣ ಬಿದಿರನ್ನೋ ಹಳೆಯ ತೊಲೆಯನ್ನೋ ಬಿಟ್ಟರೆ ದುಂಬಿಗೂ ಮನೆಯಾಗುತ್ತದೆ.

ಗಾಳಿಯಲ್ಲಿ ಹಾರುವ ಕಾಗದದಂಥ ರೆಕ್ಕೆಗಾಯಿಗಳ ಬಂದರಿ, ಕವಲುಮುಳ್ಳಿನ ನಡುವೆ ಮಲ್ಲಿಗೆಯಂತೆ ಬಿಳಿಯ ಹೂ ಬಿಟ್ಟು ಮುಂಗಾರಿನ ಹೊಸ್ತಿಲಲ್ಲಿ ಕಪ್ಪಗೆ ಹಣ್ಣಾಗುವ ಕವಳಿ, ಹಕ್ಕಿಗಳನ್ನು ಕರೆಯುವ ಬಾರಿ, ಇವು ಮೂರನ್ನೂ ಸೇರಿಸಿ ನೆಟ್ಟರೆ ತಂತಿ ಬೇಡದ ಜೀವಂತ ಬೇಲಿಯಾಗುತ್ತದೆ. ಎಕ್ಕಿಯನ್ನು ಕಸವೆಂದು ಕೀಳುವವರೇ ಹೆಚ್ಚು. ಆದರೆ ಬೇರೆ ಪ್ರಾಣಿಗಳು ಅಂಜುವ ಅದರ ಹಾಲಿಗೆ ಅಂಜದೆ, ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳು ಅದರ ಎಲೆಯನ್ನೇ ತಿಂದು ಬೆಳೆದು, ಕಿತ್ತಳೆ ಬಣ್ಣದ ಚಿಟ್ಟೆಯಾಗಿ ಹೊರಬರುತ್ತದೆ. ಚಿಟ್ಟೆ ಬೇಕು, ಎಲೆ ತಿನ್ನುವ ಹುಳು ಬೇಡ ಎಂಬ ತೋಟಗಾರಿಕೆ ಎಲ್ಲಿಯೂ ನಡೆಯದು.

ಇಂಥ ಗಿಡಗಳನ್ನು ಬೆಳೆಸುವ ಕ್ರಮವನ್ನು ಮಳೆಯ ಲೆಕ್ಕವೇ ನಿರ್ಧರಿಸುತ್ತದೆ. ತಂಗಡಿ, ಬನ್ನಿ, ಕರಿಜಾಲಿಗಳ ಬೀಜದ ಸಿಪ್ಪೆ ಗಟ್ಟಿಯಾದುದರಿಂದ, ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟು, ಉಬ್ಬಿದ ಬೀಜಗಳನ್ನು ಆರಿಸಿ ರೋಹಿಣಿ ಅಥವಾ ಮಿರಗದ ಮಳೆಗೆ ಊರುವುದು ಸೂಕ್ತ. ಬೇವಿನ ಬೀಜಕ್ಕೆ ಆ ತಾಳ್ಮೆಯಿಲ್ಲ. ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬಿತ್ತದಿದ್ದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲ ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಹೊದಿಸಿ ಆಗಾಗ ನೀರು ಕೊಟ್ಟರೆ ಸಾಕು, ದಿನವೂ ನೀರುಣಿಸಿದರೆ ಬೇರು ಆಳಕ್ಕೆ ಇಳಿಯುವುದನ್ನೇ ಮರೆಯುತ್ತದೆ.

ವಿಜಯದಶಮಿಯಂದು ಎಲೆಗಳನ್ನು ಕೈಯಿಂದ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಹಾರೈಸುವ ಸೀಮೆ ಇದು. ಕೊಂಬೆ ತರಿಯುವ ಕೈಗಳು ಹೆಚ್ಚಿ, ಬೀಜ ಊರುವ ಕೈಗಳು ಕಡಿಮೆಯಾದರೆ ಆ ಮರ ಎಷ್ಟು ಕಾಲ ನಿಂತೀತು? ಹೊಲದ ನಡುವೆ ನಿಂತರೂ ಬೆಳೆಗೆ ಕೇಡು ಮಾಡದ, ಮಣ್ಣಿಗೆ ಸಾರಜನಕ ಸೇರಿಸುವ, ಸುತ್ತಲಿನ ನೆಲ ಒಣಗುತ್ತಿರುವಾಗ ಹೊಸ ಎಲೆ ಚಿಗುರಿಸುವ ಬನ್ನಿ ಬಹಳ ನಿಧಾನವಾಗಿ ಬೆಳೆಯುವ ಮರ. ಮೊದಲ ವರ್ಷಗಳಲ್ಲಿ ನೆಲದ ಮೇಲೆ ಮುಳ್ಳಿನ ಒಂದು ಕಡ್ಡಿಯಷ್ಟೇ ಕಾಣುತ್ತದೆ. ಗಿಡ ಸತ್ತಿತೆಂದು ತಿಳಿದು ಕಿತ್ತುಹಾಕುವವರಿಗೆ, ಕೆಳಗೆ ಅದರ ಬೇರು ನೀರು ಹುಡುಕುತ್ತ ಕಡ್ಡಿಯ ಉದ್ದಕ್ಕಿಂತ ಎಷ್ಟೋ ಆಳಕ್ಕೆ ಆಗಲೇ ಇಳಿದಿರುವುದು ಕಾಣುವುದಿಲ್ಲ.