ಅಂಕ ಬಂತು, ಆಮೇಲೆ?

ಒಂದೇ ಒಂದು ಹಾಳೆ. ಅದರಲ್ಲಿ ಕೆಲವು ಬಿಡಿ ಅಕ್ಷರ, ಸರಳ ಪದ, ನಾಲ್ಕು ಸಾಲಿನ ಪ್ಯಾರಾ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಪ್ಯಾರಾ ಓದಿಸುತ್ತಾರೆ. ಸರಾಗವಾಗಿ ಓದಿದರೆ ಕಥೆ, ತಡವರಿಸಿದರೆ ಪದ, ಅದೂ ಬಾರದಿದ್ದರೆ ಅಕ್ಷರ. ಮಗುವಿನ ಓದು ಯಾವ ಹಂತದಲ್ಲಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಇದು 1990ರ ದಶಕದ ಮಧ್ಯಭಾಗದಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ ‘ಪ್ರಥಮ್’ ಸಂಸ್ಥೆಯ ಸಾಧನ. 2005ರಲ್ಲಿ ಇದನ್ನೇ ಹಿಡಿದು ‘ಅಸರ್’ ಸಮೀಕ್ಷೆಯ ಸ್ವಯಂಸೇವಕರು ಗ್ರಾಮೀಣ ಭಾರತದ ಮನೆಬಾಗಿಲಿಗೆ ಹೋದರು. ಐದನೇ ತರಗತಿಯ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಆ ಕಥೆ ಓದಲು ಬರುತ್ತಿರಲಿಲ್ಲ.

ಊರವರಿಗೆ ಈ ಸಂಗತಿ ತಿಳಿದರೆ ಶಾಲೆ ತಾನಾಗಿ ಸುಧಾರಿಸೀತೇ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿದರು. ಸಭೆ ನಡೆಸಿ ಫಲಿತಾಂಶ ಹೇಳಿದ್ದರಿಂದ ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಊರಿನ ಯುವಕರೇ ತರಬೇತಿ ಪಡೆದು ಓದಿನ ತರಗತಿ ನಡೆಸಿದ ಕಡೆ, ಬಂದ ಮಕ್ಕಳು ಓದಲು ಕಲಿತರು.

ಹರಿಯಾಣದ ಪಾಠ ಇನ್ನೂ ಖಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತ್ತು. ಅಲ್ಲಿನ ಶಾಲೆಗಳಲ್ಲಿ ಅದರ ಪರಿಣಾಮ ಅಳೆದಾಗ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ರಾಜ್ಯದಲ್ಲಿ, ದಿನಕ್ಕೊಂದು ಗಂಟೆ ತರಗತಿಯ ಗೋಡೆ ಮರೆತು, ಓದಿನ ಮಟ್ಟದ ಮೇಲೆ ಗುಂಪು ಮಾಡಿ ಹಿಂದಿ ಕಲಿಸಿದ ಶಾಲೆಗಳಲ್ಲಿ ಮಕ್ಕಳ ಓದು ಸುಧಾರಿಸಿತು. ಅಲ್ಲಿ ಐದನೇ ತರಗತಿಯ ಹುಡುಗ ಮೂರನೆಯ ತರಗತಿಯ ಹುಡುಗಿಯ ಜೊತೆ ಕಾಗುಣಿತದ ಚಾರ್ಟಿನ ಮುಂದೆ ಕೂರಬಹುದು. ಪದ ಓದಲು ಬಂದರೆ ಮುಂದಿನ ಗುಂಪಿಗೆ ಬಡ್ತಿ.

ಕರ್ನಾಟಕದಲ್ಲಿ ನಾಲ್ಕು, ಐದನೇ ತರಗತಿಗಳಿಗೆ ಬಂದ ‘ಓದು ಕರ್ನಾಟಕ’ ಕಾರ್ಯಕ್ರಮವೂ ಇದೇ ದಾರಿಯದು. ನಮ್ಮ ಮೇಷ್ಟರಿಗೆ ಇದು ತೀರಾ ಅಪರಿಚಿತವೂ ಅಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಕಲಿಕಾ ಏಣಿಯಲ್ಲೂ ಮಗು ತನ್ನ ವೇಗದಲ್ಲೇ ಮೆಟ್ಟಿಲು ಹತ್ತುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಫಲಿತಾಂಶದ ಪಟ್ಟಿ ಬೀರು ಸೇರುವುದೇಕೆ? ಜೂನ್‌ನಿಂದಲೇ ಶಿಕ್ಷಕರ ತಲೆಯ ಮೇಲೆ ‘ಪಾಠ ಮುಗಿಸಿ’ ಎಂಬ ಒತ್ತಡ ಇರುತ್ತದೆ. ಹಿಂದುಳಿದ ಮಗುವಿಗಾಗಿ ಹಿಂದಕ್ಕೆ ಹೋಗಲು ಅವರಿಗೆ ಬಿಡುವಿಲ್ಲ. ಪರೀಕ್ಷೆಗಳನ್ನು ಹೆಚ್ಚಿಸುವ ಇಲಾಖೆಗೆ, ವೇಳಾಪಟ್ಟಿಯಲ್ಲಿ ಹಿಂದುಳಿದ ಮಕ್ಕಳಿಗೆ ಕಲಿಸಲೆಂದೇ ಒಂದು ಪೀರಿಯಡ್ ಬಿಟ್ಟುಕೊಡುವುದು ಮೊದಲ ಕೆಲಸವಾಗಬೇಕು.