ಆಸಿಲೋಸ್ಕೋಪಿನಲ್ಲಿ ಕಾಣುವ ಗದ್ದಲ: ಸರಕು ತಿರಸ್ಕರಿಸುವ ಮುನ್ನ

ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಸಣ್ಣ ಘಟಕಗಳ ಲೆಕ್ಕಪತ್ರ ಪರಿಶೋಧಿಸುವಾಗ, ‘ಅಧಿಕ ನಾಯ್ಸ್’ ಎಂಬ ಎರಡೇ ಪದಗಳ ಷರಾದೊಂದಿಗೆ ಹಿಂದಿರುಗಿದ ಸರಕು ಆಗಾಗ ಕಣ್ಣಿಗೆ ಬೀಳುತ್ತದೆ. ನನ್ನ ಕಕ್ಷಿದಾರರೊಬ್ಬರ ಪವರ್ ಸಪ್ಲೈಗಳ ಇಡೀ ರವಾನೆಯೊಂದು ಹೀಗೆಯೇ ಮರಳಿ ಬಂದಿತ್ತು. ಪುನಃ ಅಳೆದಾಗ ದೋಷವಿದ್ದುದು ಸರಕಿನಲ್ಲಲ್ಲ, ಅಳೆದ ಕ್ರಮದಲ್ಲಿ ಎಂಬುದು ತಿಳಿಯಿತು. ನಾನು ವಾಣಿಜ್ಯ ಪದವೀಧರ. ಆದರೂ ಇದು ಹಣಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ, ತಂತ್ರಜ್ಞರಿಂದ ಕೇಳಿ ತಿಳಿದುದನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಕಾರಣವೇನು?

ಪ್ರೋಬಿಗೆ ಎರಡು ಸಂಪರ್ಕಗಳಿವೆ: ಸೂಜಿಯಂತಹ ತುದಿ ಮತ್ತು ಕ್ಲಿಪ್ ಇರುವ ಗ್ರೌಂಡ್ ತಂತಿ. ಸುಮಾರು 15 ಸೆಂ.ಮೀ. ಉದ್ದದ ಈ ತಂತಿಯು ತುದಿಯೊಡನೆ ಸೇರಿ ಒಂದು ಕುಣಿಕೆಯಾಗುತ್ತದೆ. ಈ ಕುಣಿಕೆಯು ಆಂಟೆನಾದಂತೆ ವರ್ತಿಸಿ, ಸುತ್ತಲಿನ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಮೋಟಾರಿನ ವೇಗ ನಿಯಂತ್ರಕಗಳ ಗದ್ದಲವನ್ನು ಹಿಡಿಯುತ್ತದೆ. ಅಲ್ಲದೆ, ತಂತಿಯ ಸುಮಾರು 150 ನ್ಯಾನೊಹೆನ್ರಿ ಇಂಡಕ್ಟೆನ್ಸ್, ಪ್ರೋಬಿನ ಸುಮಾರು 10 ಪಿಕೊಫ್ಯಾರಡ್ ಕೆಪಾಸಿಟೆನ್ಸಿನೊಡನೆ ಕೂಡಿ 130 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಸ್ವಿಚಿಂಗ್ ಕ್ಷಣದ ಚುರುಕಾದ ಏರಿಳಿತ ತಾಗಿದೊಡನೆ, ಬಡಿದ ಗಂಟೆಯಂತೆ ಅದು ಮೊಳಗುತ್ತದೆ. ಪರದೆಯ ಮೇಲೆ ಕಾಣುವುದು ಈ ಮೊಳಗೇ ಇರಬಹುದು.

ಪರೀಕ್ಷಿಸುವ ಕ್ರಮ

1. ಪ್ರೋಬಿನ ತುದಿಯನ್ನು ಅದರ ಗ್ರೌಂಡ್ ಕ್ಲಿಪ್ಪಿಗೇ ತಾಗಿಸಿ, ಎರಡನ್ನೂ ಉಪಕರಣದ ಔಟ್‌ಪುಟ್ ಗ್ರೌಂಡಿನ ಒಂದೇ ಬಿಂದುವಿಗೆ ಹಿಡಿಯಿರಿ. ಅಲ್ಲಿ ಅಳೆಯಬೇಕಾದ ವೋಲ್ಟೇಜ್ ಸೊನ್ನೆ. ಆಗಲೂ ಕಾಣುವ ಗದ್ದಲವು ಅಳತೆಯ ಕ್ರಮದಿಂದ ಬಂದದ್ದು.

2. ಉಪಕರಣದ ವಿದ್ಯುತ್ ನಿಲ್ಲಿಸಿರಿ. ಗದ್ದಲ ಹಾಗೆಯೇ ಉಳಿದರೆ ಮೂಲವು ಹೊರಗಿದೆ. ಅಕ್ಕಪಕ್ಕದ ಯಂತ್ರ, ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿರಿ.

3. ಉದ್ದನೆಯ ತಂತಿಯನ್ನು ತೆಗೆದು, ತುದಿಯ ಪಕ್ಕದಲ್ಲೇ ಕೂರುವ ಗ್ರೌಂಡ್ ಸ್ಪ್ರಿಂಗ್ ಬಳಸಿರಿ. ಇದರ ನಂತರವೂ ಉಪಕರಣ ಚಾಲನೆಯಲ್ಲಿರುವಾಗ ಮಾತ್ರ ಕಾಣುವ ಗದ್ದಲವನ್ನು ಉಪಕರಣದ್ದೆಂದು ಶಂಕಿಸುವುದು ನ್ಯಾಯ.

4. ರಿಪಲ್ ಅಳೆಯುವಾಗ 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿ ಹಾಕುವುದು ವಾಡಿಕೆ. ಆದರೆ ಅದು ನಿಜವಾದ ಗದ್ದಲವನ್ನೂ ಮರೆಮಾಚಬಲ್ಲದು. ಆದ್ದರಿಂದ ಮಿತಿಯಿಲ್ಲದೆಯೂ ಒಮ್ಮೆ ನೋಡಿರಿ.

ಒಂದು ಎಚ್ಚರಿಕೆ: ಸಾಮಾನ್ಯ ಮೇಜಿನ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಭೂಸಂಪರ್ಕ ಹೊಂದಿರುತ್ತದೆ. ಅದನ್ನು ಮೇನ್ಸ್ ಬದಿಗೆ ತಾಗಿಸಲೇಬಾರದು. ಗದ್ದಲ ಕಡಿಮೆಯಾದೀತೆಂದು ಅರ್ಥಿಂಗ್ ಕಡಿದುಹಾಕುವುದು ಪ್ರಾಣಾಪಾಯಕ್ಕೆ ಆಹ್ವಾನ.

ವ್ಯವಹಾರದ ದೃಷ್ಟಿ

2006ರ ಎಂಎಸ್‌ಎಂಇಡಿ ಕಾಯ್ದೆಯನ್ವಯ ಖರೀದಿದಾರರು ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಿದರೆ, ಅದು ನಿವಾರಣೆಯಾದ ದಿನವೇ ಸ್ವೀಕಾರದ ದಿನವಾಗುತ್ತದೆ. ಪಾವತಿಯ ಗಡುವು ಅಲ್ಲಿಂದ ಲೆಕ್ಕವಾಗುತ್ತದೆ; ಒಪ್ಪಂದವಿದ್ದರೂ ಅದು 45 ದಿನ ಮೀರುವಂತಿಲ್ಲ. ಅಂದರೆ, ತಪ್ಪು ಅಳತೆಯೊಂದು ಸಣ್ಣ ತಯಾರಕರ ದುಡಿಯುವ ಬಂಡವಾಳವನ್ನು ವಾರಗಟ್ಟಲೆ ಕಟ್ಟಿಹಾಕಬಲ್ಲದು.

ಆದಕಾರಣ ಖರೀದಿ ಆದೇಶದಲ್ಲಿ ರಿಪಲ್ ಮಿತಿಯೊಡನೆ ಅಳೆಯುವ ವಿಧಾನವನ್ನೂ ನಮೂದಿಸಿಕೊಳ್ಳಿರಿ. ತಿರಸ್ಕಾರ ಪತ್ರ ಬಂದಾಗ ಪರದೆಯ ಚಿತ್ರವನ್ನು ಮಾತ್ರವಲ್ಲ, ಪ್ರೋಬ್ ಹಿಡಿದ ಬಗೆಯ ಚಿತ್ರವನ್ನೂ ಕೇಳಿರಿ.